ಜಗಲಿ ಮೇಲಿನ ಕ್ಲಾಸು

ದೇವಿರಮ್ಮ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸದವಳು. ಹೊಲಿದು ಬಂದ ಶರ್ಟನ್ನು ಬೆಳಕಿಗೆ ಹಿಡಿಯುವುದು, ಕಾಲರ್ ತಿರುಗಿಸಿ ನೋಡುವುದು, ಕಂಕುಳಿನ ಹೊಲಿಗೆಯ ಮೇಲೆ ಬೆರಳಾಡಿಸುವುದು, ತಪ್ಪಿದ ಕಡೆ ಒಂದು ಸ್ಟಿಕ್ಕರ್ ಅಂಟಿಸಿ ಆಲ್ಟರೇಶನ್ ಅಂತ ಪಕ್ಕಕ್ಕೆ ಹಾಕುವುದು. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ ಅವಳ ಕಣ್ಣು ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಅಂಗಡಿಯವನು ಬೇಳೆಗೆ ಕಲ್ಲು ಸೇರಿಸಿದ್ದಾನೆ ಅಂತ ಅನುಮಾನ. ಚೀಟಿ ಎತ್ತಿದವರ ಮೇಲೆ ಅನುಮಾನ. ಗಾರೆ ಕೆಲಸದಿಂದ ಬಂದ ಗಂಡ ಕೆಂಪಸಿದ್ದಯ್ಯ ಒಳಗೆ ಬರುವ ಮುಂಚೆ ಬಾಯಿ ಮುಕ್ಕಳಿಸಿದರೆ ಅದರ ಮೇಲೂ ಅನುಮಾನ.

“ನಿನ್ ಕಣ್ಗೆ ದೇವ್ರೂ ಆಲ್ಟ್ರೇಸನ್ ಪೀಸೇ ಕಣಮ್ಮಿ,” ಅಂತ ಅವನು ನಗುತ್ತಿದ್ದ.

ಅವರ ಊರಿಗೆ ಮಳವಳ್ಳಿಯಿಂದ ಹಲಗೂರಿನ ಬಸ್ಸು ಹತ್ತಿ, ಇಳಿದು, ಕಬ್ಬಿನ ಗದ್ದೆಗಳ ನಡುವೆ ಒಳಕ್ಕೆ ನಡೆಯಬೇಕು. ಮದ್ದೂರಿನ ಹತ್ತಿರದ ಫ್ಯಾಕ್ಟರಿಯ ವ್ಯಾನು ಮೊಬ್ಬಿನಲ್ಲೇ ರಸ್ತೆಗೆ ಬಂದು ಹಾರನ್ ಹೊಡೆಯುತ್ತಿತ್ತು. ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಿದ್ದ ದೇವಿರಮ್ಮನಿಗೆ, ಕೊರೊನಾದ ಮೊದಲ ವರ್ಷ ಮಗಳು ನಾಗಶ್ರೀಯ ಶಾಲೆ ಫೋನಿನಲ್ಲಿ ಹೇಗೆ ನಡೆಯಿತು ಅನ್ನುವುದೇ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಎಲ್ಲರ ಹತ್ತಿರ ಸ್ಮಾರ್ಟ್ ಫೋನಿದೆ, ನನ್ನ ಹತ್ತಿರ ಇಲ್ಲ ಅಂತ ಹುಡುಗಿ ಅತ್ತಳು, ದೇವಿರಮ್ಮನ ತಮ್ಮ ಅಂಬರೀಶ ಒಂದು ಹೊಸ ಫೋನು ತಂದು ಅಕ್ಕನ ಮಗಳ ಕೈಗಿಟ್ಟ.

ಅಂಬರೀಶ ಮದ್ದೂರಿನ ಕಡೆ ಹಾಲಿನ ವ್ಯಾನು ಓಡಿಸುತ್ತಿದ್ದ. ಅಕ್ಕನಿಗಿಂತ ತೀರಾ ಚಿಕ್ಕವನು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೇ ದೇವಿರಮ್ಮ. ಅವನನ್ನು ನೋಡಿಕೊಳ್ಳುವುದಕ್ಕೆಂದೇ ಏಳನೇ ಕ್ಲಾಸಿಗೆ ಅವಳನ್ನು ಶಾಲೆ ಬಿಡಿಸಿದ್ದರು. ಲೋಕದ ಮೇಲೆಲ್ಲ ಅನುಮಾನ ಪಡುತ್ತಿದ್ದ ಅವಳು ಅನುಮಾನ ಪಡದೇ ಇದ್ದದ್ದು ಈ ತಮ್ಮನೊಬ್ಬನ ಮೇಲೆ.

ಎರಡನೇ ಅಲೆ ಬಂದಾಗ ಫ್ಯಾಕ್ಟರಿ ಮುಚ್ಚಿತು. ಜನವರಿಯಿಂದ ಅಷ್ಟಿಷ್ಟು ನಡೆದಿದ್ದ ಶಾಲೆಯೂ ಮತ್ತೆ ಮುಚ್ಚಿತು. ನಾಗಶ್ರೀ ಎಸ್ಸೆಸ್ಸೆಲ್ಸಿ. ಪರೀಕ್ಷೆ ನಡೆಯುತ್ತದೆ ಅಂತ ಒಂದು ದಿನ, ನಡೆಯುವುದಿಲ್ಲ ಅಂತ ಇನ್ನೊಂದು ದಿನ. ಅದರ ನಡುವೆಯೇ ವಿಜ್ಞಾನದ ವೀಣ ಮೇಡಂ ಬೆಳಗಿನ ಹೊತ್ತು ಫೋನಿನಲ್ಲಿ ಪಾಠ ತಿರುವಿ ಹಾಕಿಸುತ್ತಿದ್ದರು. ಈಗ ದೇವಿರಮ್ಮ ದಿನವಿಡೀ ಮನೆಯಲ್ಲಿ. ಮಗಳು ತಿಂಡಿ ಮುಗಿಸಿದ್ದೇ ತಡ, ಫೋನು ಹಿಡಿದು ಊರ ಹೊರಗೆ ನಲ್ಲಿ ಹಾಕಿಸಿದ್ದ ನೀರಿನ ತೊಂಬೆಯ ಕಟ್ಟೆಗೆ ಹೋಗುವುದು, ಕಿವಿಗೆ ವೈರು ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಕೂರುವುದು, ನಡುನಡುವೆ ತನ್ನಷ್ಟಕ್ಕೆ ತಾನೇ ನಗುವುದು, ಎಲ್ಲ ಅವಳ ಕಣ್ಣಿಗೆ ಬಿತ್ತು.

ಒಂದು ದಿನ ಹಿಂದಿನಿಂದ ಹೋಗಿ ವೈರು ಕಿತ್ತಳು. ಫೋನಿನಿಂದ ಗಂಡು ದನಿಯೊಂದು, “ನಾಗಶ್ರೀ, ಕೇಳಿಸ್ತಾ ಇದ್ಯಾ?” ಅಂದಿತು.

“ಯಾವನಮ್ಮಿ ಅವ್ನು?”

“ಸಂತೋಷ್ ಕಣವ್ವ, ನಮ್ ಕ್ಲಾಸೋನು. ಮೇಡಂಗೆ ನೆಟ್‌ವರ್ಕ್ ಹೋಯ್ತು, ಅದ್ಕೇ ಎಲ್ರನ್ನೂ ಕೇಳ್ತಾವ್ನೆ.”

“ಮೇಡಂ ಇಲ್ದಿದ್ ಮ್ಯಾಲೆ ಅವ್ನಿಗೇನು ಕೆಲ್ಸ?”

ನಾಗಶ್ರೀ ತಲೆ ತಗ್ಗಿಸಿ ವೈರು ಸುತ್ತತೊಡಗಿದಳು. ಅದು ದೇವಿರಮ್ಮನಿಗೆ ಇನ್ನೊಂದು ಎಳೆ ಬಿಟ್ಟ ಹೊಲಿಗೆಯಂತೆ ಕಂಡಿತು. ಅವತ್ತೇ ಕಟ್ಟುನಿಟ್ಟು ಮಾಡಿದಳು. ತೊಂಬೆ ಹತ್ತಿರ ಹೋಗುವ ಹಾಗಿಲ್ಲ. ಕಿವಿಗೆ ವೈರು ಹಾಕುವ ಹಾಗಿಲ್ಲ. ಮನೆ ಜಗಲಿಯ ಮೇಲೆ, ತನ್ನ ಕಣ್ಣೆದುರಿಗೇ ಕೂರಬೇಕು. ಫೋನು ಮಾತಾಡುವುದೆಲ್ಲ ತನಗೂ ಕೇಳಬೇಕು.

“ಇಲ್ಲಿ ನೆಟ್‌ವರ್ಕ್ ಬರಲ್ಲ ಕಣವ್ವ,” ಅಂತ ಹುಡುಗಿ ಗೋಳಾಡಿದಳು.

“ಬಂದಷ್ಟೇ ಸಾಕು.”

ಕೊನೆಗೆ ಜಗಲಿಗೆ ತೆರೆದುಕೊಳ್ಳುವ ಅಡುಗೆಮನೆ ಕಿಟಕಿಯ ಚೌಕಟ್ಟಿನಲ್ಲಿ ಫೋನು ನಿಲ್ಲಿಸಿದರೆ ಎರಡು ಗೀಟು ಸಿಗ್ನಲ್ ಬರುತ್ತದೆ ಅಂತ ಗೊತ್ತಾಯಿತು. ಅಲ್ಲಿಂದ ಮುಂದೆ ವೀಣ ಮೇಡಂ ಹೃದಯದ ಕವಾಟಗಳನ್ನೂ ಓಮನ ನಿಯಮವನ್ನೂ ದೇವಿರಮ್ಮನ ಒಲೆಯ ಪಕ್ಕದಲ್ಲೇ ಪಾಠ ಮಾಡತೊಡಗಿದರು. ದೇವಿರಮ್ಮ ಸೊಪ್ಪು ಸೋಸುತ್ತಾ ಕಿವಿಯಿಟ್ಟು ಕೇಳುತ್ತಿದ್ದಳು, ಪಾಠವನ್ನಲ್ಲ, ಸಂತೋಷನ ದನಿ ಬರುತ್ತದೆಯೋ ಅಂತ.

ಹೀಗಿರುವಾಗ ಒಂದು ಬೆಳಿಗ್ಗೆ ಅಂಬರೀಶ ಬಂದ. ಹಾಲಿನ ವ್ಯಾನಿನವನಾದ್ದರಿಂದ ಲಾಕ್‌ಡೌನಿನಲ್ಲೂ ಅವನನ್ನು ಯಾರೂ ತಡೆಯುತ್ತಿರಲಿಲ್ಲ. ಆ ಹೊತ್ತಿಗೆ ತೊಂಬೆಗೆ ನೀರು ಬಿಟ್ಟಿದ್ದರು. ನಾಗಶ್ರೀ ಕ್ಲಾಸಿನ ನಡುವೆಯೇ ಫೋನನ್ನು ಕಿಟಕಿಯಲ್ಲಿ ಬಿಟ್ಟು ಎದ್ದು ಕೊಡ ತಗೊಂಡು ಹೋಗಿದ್ದಳು. ಕೆಂಪಸಿದ್ದಯ್ಯ ಯಾರದೋ ಹಟ್ಟಿಯ ಗೋಡೆ ತೇಪೆ ಹಾಕಲು ಹೋಗಿದ್ದ. ಅಂಬರೀಶ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮಾಸ್ಕನ್ನು ಗದ್ದಕ್ಕೆ ಇಳಿಸಿದ.

“ಅಕ್ಕ, ಅವ್ವುನ್ಗೆ ಚೆನ್ನಾಗಿಲ್ಲ. ಇನ್ನೊಂದ್ ತಿಂಗ್ಳು ಉಸ್ರು ಇಡೀತೀನಿ ಅಂತ ನಂಬ್ಕೆ ಇಲ್ಲ ಅಂತದೆ. ಕಣ್ಮುಂದೆ ನನ್ ಮದ್ವೆ ಆಗೋಗ್ಬೇಕಂತೆ.”

“ಮಾಡ್ಕೊ. ಬ್ಯಾಡ ಅಂದೋರ್ಯಾರು?”

“ನಾಗಿನೇ ತಂದ್ಕೊ ಅಂತದೆ ಕಣಕ್ಕ.”

ದೇವಿರಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಸೋದರಮಾವನಿಗೆ ಹೆಣ್ಣು ಕೊಡುವುದು ಅವರಲ್ಲಿ ಹೊಸದಲ್ಲ. ಆದರೂ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ತಮ್ಮನ ಕಡೆ ತಿರುಗಿದಳು.

“ಅವ್ಳಿನ್ನೂ ಇಸ್ಕೂಲು ಕಣ್ಲಾ.”

“ಎಲ್ಲಕ್ಕ ಇಸ್ಕೂಲು? ಬಾಗ್ಲಾಕ್ಕೊಂಡು ಕೂತವೆ. ಎಗ್ಸಾಮೂ ಇಲ್ಲ ಅಂತಾವ್ರೆ. ಈಗಾದ್ರೆ ಮನೆ ಮುಂದೆ ನಾಕ್ ಜನ ನಿಂತ್ಕೊಂಡು ಮುಗ್ಸಬೋದು. ಯಾರೂ ಯಾಕೆ ಏನು ಅನ್ನಂಗಿಲ್ಲ. ಪೋನು ಇಡ್ಕೊಂಡು ಕೂತಿರೋ ಹೆಣ್ಣ ಎಷ್ಟ್ ದಿನಾಂತ ಕಾಯ್ತೀಯ ನೀನು?”

ಆ ಕೊನೆಯ ಮಾತು ನಾಟಿತು. ಸಂತೋಷನ ದನಿ ಅವಳ ಕಿವಿಯಲ್ಲಿನ್ನೂ ಇತ್ತು.

“ಅದೂ ನಿಜವೇ ಬುಡು,” ಅಂದಳು. “ಓದಿ ಅವ್ಳೇನು ಡೀಸಿ ಆಗ್ಬೇಕಾಗಿಲ್ಲ. ನಿಮ್ ಬಾವನ ಕಿವೀಗ್ ಆಕ್ತೀನಿ. ಆವಯ್ಯ ನಾನ್ ಯೋಳ್ದಂಗೆ ಊಂ ಅಂತದೆ. ಬರೋ ತಿಂಗ್ಳು ನೋಡಾಣ.”

ಅದನ್ನು ಒಪ್ಪಿಗೆ ಅಂತ ಅವಳು ಅಂದುಕೊಂಡಿರಲಿಲ್ಲ. ನೋಡೋಣ ಅಂದರೆ ನೋಡೋಣ, ಅಷ್ಟೇ. ಅಂಬರೀಶ ಮಾತ್ರ ಕಾಫಿ ಕುಡಿದು ಹಗುರಾಗಿ ಎದ್ದುಹೋದ. ಗಂಡನಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದೇವಿರಮ್ಮ ಮುಂದೂಡುತ್ತಲೇ ಇದ್ದಳು.

ಅವಳು ಬಾಯಿ ಬಿಡುವ ಮೊದಲೇ ಮನೆ ಮುಂದೆ ಜೀಪು ನಿಂತಿತು. ಅಂಗನವಾಡಿ ಮೇಲ್ವಿಚಾರಕಿ, ಜೊತೆಗೆ ಇಬ್ಬರು ಪೊಲೀಸಿನವರು. ಮೂಗಿನವರೆಗೂ ಮಾಸ್ಕು ಏರಿಸಿಕೊಂಡಿದ್ದ ಆ ಹೆಂಗಸಿನ ಕಣ್ಣು ಮಾತ್ರ ಕಾಣುತ್ತಿತ್ತು.

“ನಿಮ್ಮ ಮಗಳಿಗೆ ಮದುವೆ ಗೊತ್ತು ಮಾಡಿದ್ದೀರಂತೆ. ಹದಿನೆಂಟು ತುಂಬಿಲ್ಲ. ದೂರು ಬಂದಿದೆ.”

ಜಗಲಿಯಲ್ಲಿ ಕೂತಿದ್ದ ಕೆಂಪಸಿದ್ದಯ್ಯ ನಗುವುದೋ ಬೈಯುವುದೋ ತಿಳಿಯದೆ ಎದ್ದು ನಿಂತ. “ಯಾರ್ ಮಗ್ಳು? ಯಾವ್ ಮದ್ವೆ? ಮನೆ ಯಜಮಾನ ನಾನು, ನಂಗೇ ಗೊತ್ತಿಲ್ವಲ್ಲ ಮೇಡಂ!”

“ಸೋದರಮಾವನ ಜೊತೆ. ಮುಂದಿನ ತಿಂಗಳು.”

ಆಗ ಅವನು ಹೆಂಡತಿಯ ಕಡೆ ತಿರುಗಿದ. ದೇವಿರಮ್ಮನ ಮುಖ ನೋಡಿದವನೇ ಮಾತು ನಿಲ್ಲಿಸಿದ. ಮೇಲ್ವಿಚಾರಕಿ ನಾಗಶ್ರೀಯನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು, ಅಪ್ಪ ಅಮ್ಮನ ಹತ್ತಿರ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡರು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಜೀಪು ಹೋದ ಮೇಲೆ ಕೆಂಪಸಿದ್ದಯ್ಯ ಹೆಂಡತಿಗೆ ಹೇಳಿದ್ದು ಒಂದೇ ಮಾತು: “ನಾನೇನು ಈ ಮನೇಲಿ ಬಾಡ್ಗೆಗ್ ಇದ್ದೀನಾ?” ಆಮೇಲೆ ಎಷ್ಟೋ ದಿನ ಅವನು ಅವಳ ಜೊತೆ ಮಾತಾಡಲಿಲ್ಲ.

ಯಾರು ಹೇಳಿದರು? ದೇವಿರಮ್ಮ ಒಬ್ಬೊಬ್ಬರನ್ನೇ ಲೆಕ್ಕ ಹಾಕಿದಳು. ಮನೆಯಲ್ಲಿದ್ದದ್ದು ತಾನು, ತಮ್ಮ. ಗಂಡನಿಗೆ ಗೊತ್ತಿರಲಿಲ್ಲ. ಮಗಳು ನೀರಿಗೆ ಹೋಗಿದ್ದಳು. ಹಾಗಾದರೆ ಹೊರಗಿನವರು ಯಾರೋ ಕೇಳಿಸಿಕೊಂಡಿದ್ದಾರೆ. ತಿರುಗಿಸಿ ತಿರುಗಿಸಿ ನೋಡಿದಾಗ ಅವಳ ಬೆರಳು ಒಂದು ಕಡೆ ನಿಂತಿತು. ಗೋಡೆಯಾಚೆ ಮನೆಯ ಬೆಳ್ಳಮ್ಮ. ಬೆಳ್ಳಮ್ಮ ಅಂಗನವಾಡಿಯ ಆಯಾ. ಆವತ್ತು ಅಂಬರೀಶ ಬಂದಾಗ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಂದವಳು ಅಂಗನವಾಡಿ ಮೇಲ್ವಿಚಾರಕಿ. ಇನ್ನೇನು ಬೇಕು?

ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಕೇಳದೇ ಹೋಗುತ್ತಿತ್ತು. ಮಾರನೆಯ ದಿನ ತೊಂಬೆಯ ಹತ್ತಿರ ದೇವಿರಮ್ಮ ಬೆಳ್ಳಮ್ಮನ ಬಿಂದಿಗೆಯನ್ನು ನಲ್ಲಿಯಿಂದ ಎತ್ತಿ ಪಕ್ಕಕ್ಕೆ ಕುಕ್ಕಿದಳು.

“ಗ್ವಾಡೆಗ್ ಕಿವಿ ಕೊಟ್ಕೊಂಡು ಬದ್ಕೋರ್ ಜೊತೆ ನಂಗ್ ನೀರ್ ಬ್ಯಾಡ.”

ಬೆಳ್ಳಮ್ಮ ಮೊದಲು ತಮಾಷೆ ಅಂದುಕೊಂಡಳು. ಆಮೇಲೆ ಅರ್ಥವಾಯಿತು.

“ದೇವಿ, ನನ್ ಕಿವೀಗ್ ಬಿದ್ದಿದ್ರೆ ಜೀಪ್ ತರ್ಸ್ತಿರ್ಲಿಲ್ಲ ಕಣೆ. ನಿನ್ ಮನೆ ಒಳೀಕ್ ಬಂದು ನಿನ್ ಮೊಕಕ್ಕೇ ಉಗೀತಿದ್ದೆ.”

“ಬಣ್ಣದ್ ಮಾತ್ ಬ್ಯಾಡ.”

“ಓಗು. ನಿನ್ಗೆ ಯೋಳದ್ ಒಂದೇ, ಆ ತೊಂಬೇಗ್ ಯೋಳದ್ ಒಂದೇ.”

ಮದ್ದೂರಿನ ಕಡೆಯಿಂದ ಅಂಬರೀಶ ಫೋನು ಮಾಡಿ ಬಾವನ ಮೇಲೇ ಗುಮಾನಿ ಇಟ್ಟ. “ಅವ್ನೇ ಮಾಡ್ಸವ್ನೆ. ನಮ್ಮೋರ್ನ ಕಂಡ್ರೆ ಯಾವತ್ತೂ ಆಗ್ಬರಾಕಿಲ್ಲ ಅವ್ನಿಗೆ,” ಅಂತ ಕೂಗಾಡಿ ಫೋನಿಟ್ಟ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾಗಶ್ರೀ ಮಾತ್ರ ದಿನಾ ಕಿಟಕಿಯಲ್ಲಿ ಫೋನು ನಿಲ್ಲಿಸಿ ಪಾಠ ಕೇಳುತ್ತಿದ್ದಳು. ಮೊದಲಿನ ಹಾಗೆ ನಗುತ್ತಿರಲಿಲ್ಲ.

ಆ ವಾರವೇ ದೇವಿರಮ್ಮನಿಗೆ ಜ್ವರ ಬಂತು. ಆಗ ಊರಿನಲ್ಲಿ ಕೆಮ್ಮಿದರೆ ಸಾಕು, ಬೀದಿಯೇ ದೂರ ಸರಿಯುತ್ತಿತ್ತು. ಟೆಸ್ಟ್ ಮಾಡಿಸಿದರೆ ಹಿಡಿದುಕೊಂಡು ಹೋಗುತ್ತಾರೆ, ಹೋದವರು ಬರುವುದಿಲ್ಲ ಅಂತ ಮಾತು ಹಬ್ಬಿತ್ತು. ದೇವಿರಮ್ಮ ಗಟ್ಟಿಯಾಗಿ ಕೆಮ್ಮದೆ, ಸೆರಗು ಬಾಯಿಗೆ ತುರುಕಿಕೊಂಡು ಒಳಕೋಣೆಯಲ್ಲಿ ಮಲಗಿದಳು. ಆದರೂ ಬೆಳ್ಳಮ್ಮನಿಗೆ ತಿಳಿಯಿತು. ಆಶಾ ಕಾರ್ಯಕರ್ತೆಯ ಜೊತೆ ಅವಳೂ ಮನೆ ಮನೆ ತಿರುಗುತ್ತಿದ್ದ ಕಾಲ. ಆಸ್ಪತ್ರೆಯಿಂದ ಮಾತ್ರೆಯ ಪೊಟ್ಟಣ ತಂದು, ಒಳಗೆ ಕಾಲಿಡದೆ, ಜಗಲಿಯ ಮೇಲೆ ಇಟ್ಟು, “ನಾಗಿ, ನಿಮ್ಮವ್ವುನ್ಗೆ ಊಟ ಆದ್ಮೇಲ್ ಕೊಡವ್ವ,” ಅಂತ ಕೂಗಿ ಹೋದಳು.

ನಾಗಶ್ರೀ ಮಾತ್ರೆಯನ್ನೂ ನೀರನ್ನೂ ತಂದಳು. ದೇವಿರಮ್ಮ ಅದನ್ನು ಕೈಯಿಂದ ತಳ್ಳಿದಳು.

“ಅವ್ಳ್ ಕೊಟ್ಟಿದ್ದ ನಾನ್ ನುಂಗಾಕಿಲ್ಲ. ಯಾವ್ ಮಾತ್ರೆಯೋ ಏನೋ. ಪೋಲೀಸ್ ಕರ್ಸ್ದೋಳು ಏನ್ ಬೇಕಾದ್ರೂ ಮಾಡ್ತಾಳೆ.”

ಮಾತ್ರೆ ನೆಲದ ಮೇಲೆ ಚೆಲ್ಲಿತು. ನಾಗಶ್ರೀ ಬಗ್ಗಿ ಒಂದೊಂದನ್ನೇ ಹೆಕ್ಕಿದಳು. ಹೆಕ್ಕುತ್ತಲೇ ಅಂದಳು, “ಬೆಳ್ಳಮ್ಮತ್ತೆ ಹೇಳಿಲ್ಲ ಕಣವ್ವ.”

“ನಿಂಗೇನ್ ಗೊತ್ತು?”

“ಗೊತ್ತು. ಆವತ್ತು ನನ್ ಮೈಕು ಆನ್ ಇತ್ತು.”

ದೇವಿರಮ್ಮನಿಗೆ ತಿಳಿಯಲಿಲ್ಲ. ಮಗಳು ಬಿಡಿಸಿ ಹೇಳಿದಳು. ಕ್ಲಾಸಿನಲ್ಲಿ ಯಾರಾದರೂ ಮಾತಾಡಬೇಕಾದರೆ ಫೋನಿನಲ್ಲಿ ಮೈಕು ತೆಗೆಯಬೇಕು, ಆದ ಮೇಲೆ ಮುಚ್ಚಬೇಕು. ತೆಗೆದಿಟ್ಟರೆ ಈ ಕಡೆಯ ಸದ್ದೆಲ್ಲ ಆ ಕಡೆಯ ಎಲ್ಲರ ಫೋನಿನಲ್ಲೂ ಕೇಳುತ್ತದೆ. ಆವತ್ತು ತೆಗೆದೇ ಇತ್ತು. ಅಂಬರೀಶ ಆಡಿದ ಮಾತು, ದೇವಿರಮ್ಮ ಆಡಿದ ಮಾತು, ಎಲ್ಲವನ್ನೂ ಇಡೀ ಕ್ಲಾಸು ಕೇಳಿತ್ತು. ವೀಣ ಮೇಡಂ ಕೂಡ. ದೂರು ಕೊಟ್ಟವರೂ ಅವರೇ.

ದೇವಿರಮ್ಮ ಆವತ್ತು ತಾನಾಡಿದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡಳು. ಓದಿ ಡೀಸಿ ಆಗಬೇಕಾಗಿಲ್ಲ ಅಂದದ್ದು, ಗಂಡನನ್ನು ಆವಯ್ಯ ಊಂ ಅಂತದೆ ಅಂದದ್ದು, ಯಾರ್ಯಾರೋ ಮನೆಯ ಮಕ್ಕಳ ಕಿವಿಗೆ ಬಿದ್ದಿತ್ತು. ಯಾರ ದನಿಗಾಗಿ ತಾನು ಕಾವಲು ಕೂತಿದ್ದಳೋ ಆ ಸಂತೋಷನೂ ಕೇಳಿದ್ದ. ಮಗಳನ್ನು ತೊಂಬೆಯಿಂದ ಎಬ್ಬಿಸಿ ಈ ಕಿಟಕಿಗೆ ತಂದು ಕೂರಿಸಿದವಳು ತಾನೇ.

ಮಗಳ ಕಡೆ ತಿರುಗಿ ಕೇಳಿದಳು. “ಬೇಕು ಅಂತ್ಲೇ ಬುಟ್ ಓಗಿದ್ಯಾ?”

“ಪ್ರಶ್ನೆಗೆ ಉತ್ರ ಹೇಳಕ್ಕೆ ಆನ್ ಮಾಡಿದ್ದೆ. ನೀರ್ ಬಂತು ಅಂತ ಎದ್ದೋದೆ.”

“ಮರ್ತೋ, ಬೇಕಂತ್ಲೋ?”

ನಾಗಶ್ರೀ ಗೋಡೆ ನೋಡುತ್ತಾ ಕೂತಳು. “ಮಾವ ಗಾಡಿ ನಿಲ್ಸಿದ್ದು ನೋಡ್ಕೊಂಡೇ ಹೋದೆ,” ಅಂದಳು. ಹೆಕ್ಕಿದ ಮಾತ್ರೆಗಳನ್ನು ಪೊಟ್ಟಣಕ್ಕೆ ತುಂಬುತ್ತಾ ಬೇರೆಯೇ ಹೇಳಿದಳು. “ಫೋನ್ ತಂದ್ಕೊಟ್ಟಾಗಿಂದ್ಲೂ ಮಾವ ನನ್ನ ನೋಡೋದು ಬೇರೆ ಥರ ಆಗಿತ್ತು. ನಿಂಗೆ ಹೇಳಾಣ ಅಂದ್ರೆ ನೀನು ಅವ್ನ ಕಡೆ ಅಂತ ಅನ್ಮಾನ. ಊರ್ನೋರ್ ಮೇಲೆಲ್ಲ ನೀನು ಅನ್ಮಾನ ಪಡ್ತೀಯ. ಮಾವನ್ ಮೇಲೆ ಒಂದ್ ದಿನಾನೂ ಪಡ್ಲಿಲ್ಲ.”

ದೇವಿರಮ್ಮ ಆ ಕಡೆ ಹೊರಳಿದಳು. ಅಳುತ್ತಿದ್ದಾಳೋ ಕೆಮ್ಮುತ್ತಿದ್ದಾಳೋ ಮಗಳಿಗೆ ಗೊತ್ತಾಗಲಿಲ್ಲ. ಆಮೇಲೆ ಕೈ ಚಾಚಿ, “ಕೊಡು ಅದ,” ಅಂದು ಮಾತ್ರೆ ನುಂಗಿದಳು.

ಜ್ವರ ಇಳಿದ ಮೇಲೆ ಮೊದಲು ಮಾಡಿದ ಕೆಲಸ, ಮಗಳ ಫೋನಿನಿಂದ ವೀಣ ಮೇಡಂಗೆ ಮಾಡಿದ್ದು. ಜಗಳಕ್ಕೇ ಮಾಡಿದ್ದು.

“ನಮ್ ಮನೆ ಮಾತ ನೀವ್ಯಾಕ್ ಮೇಡಂ ಕೇಳುಸ್ಕೊಂಡ್ರಿ? ಪಾಟ ಮಾಡೋರು ಪಾಟ ಮಾಡ್ಬೇಕು.”

ವೀಣ ಮೇಡಂ ನಿಧಾನಕ್ಕೆ ಹೇಳಿದರು. “ನಿಮ್ಮ ಮಗಳ ಮೈಕನ್ನ ನಾನೂ ಇಲ್ಲಿಂದಲೇ ಮುಚ್ಚಬಹುದಿತ್ತಮ್ಮ. ಮೊದಲನೇ ಮಾತಿಗೇ ಮುಚ್ಚೋಣ ಅಂತ ಬೆರಳಿಟ್ಟೆ. ಮದುವೆ ಅನ್ನೋದು ಕಿವಿಗೆ ಬಿತ್ತು. ಮುಚ್ಚಲಿಲ್ಲ. ಹೋದ ವರ್ಷ ನನ್ನ ಕ್ಲಾಸಲ್ಲಿ ಒಂದು ಹುಡುಗಿ ಇದ್ದಕ್ಕಿದ್ದ ಹಾಗೆ ಬರೋದು ನಿಲ್ಲಿಸಿದಳು. ನೆಟ್‌ವರ್ಕ್ ಇಲ್ಲ ಅಂತ ನಂಬಿಕೊಂಡು ಕೂತಿದ್ದೆ. ವಿಷಯ ಗೊತ್ತಾಗೋ ಹೊತ್ತಿಗೆ ಅವಳು ಗಂಡನ ಮನೇಲಿದ್ದಳು.”

“ಅಂಗಂತ ನನ್ ಮಾನ ತೆಗೀಬೋದಾ?”

“ತಪ್ಪು ಅನ್ನಿಸಿದರೆ ಬೈಯಿರಿ. ಆದರೆ ಅವಳನ್ನ ಪರೀಕ್ಷೆಗೆ ಕಳಿಸಿ.”

ಬೈಯಬೇಕು ಅಂತಲೇ ಇದ್ದ ದೇವಿರಮ್ಮನಿಗೆ ಬೈಗುಳ ಬರಲಿಲ್ಲ. ಏಳನೇ ಕ್ಲಾಸಿನಲ್ಲಿ ತಾನು ಹೋಗುವುದು ನಿಂತಾಗ ಯಾವ ಮೇಷ್ಟರೂ ಮನೆಗೆ ಬಂದು ಕೇಳಿರಲಿಲ್ಲ ಅನ್ನುವುದು ಅವಳಿಗೆ ಯಾಕೋ ನೆನಪಾಯಿತು. “ಇಡ್ತೀನಿ ಮೇಡಂ,” ಅಂದು ಫೋನಿಟ್ಟಳು.

ಗಂಡನಿಗೂ ಎಲ್ಲ ಹೇಳಿದಳು. ಕೆಂಪಸಿದ್ದಯ್ಯ ಕೇಳಿ, “ಆವಯ್ಯ ಊಂ ಅಂತದೆ ಅಂದ್ಯಾ?” ಅಂತ ಎರಡು ಸಲ ಕೇಳಿದ. ಅದೇ ಅವನಿಗೆ ಹೆಚ್ಚು ನೋವು ಕೊಟ್ಟ ಹಾಗಿತ್ತು. ಮಾರನೆಯ ದಿನ ತಾನೇ ಅಂಬರೀಶನಿಗೆ ಫೋನು ಮಾಡಿ, “ಊಂಹೂಂ,” ಅಂದ. ಅದಷ್ಟನ್ನೇ. ಅಂಬರೀಶ ಏನೇನೋ ಕೂಗುತ್ತಿದ್ದರೂ ಇನ್ನೊಂದು ಮಾತಾಡಲಿಲ್ಲ.

ಬೆಳ್ಳಮ್ಮನ ಮನೆಗೆ ಹೋಗುವುದು ಎಲ್ಲಕ್ಕಿಂತ ಕಷ್ಟವಾಯಿತು. ದೇವಿರಮ್ಮ ಬಾಗಿಲಲ್ಲಿ ನಿಂತು ನಡೆದದ್ದು ಹೇಳಿ, “ತಪ್ಪಾಯ್ತು ಕಣೆ,” ಅಂದಳು. ಬೆಳ್ಳಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಈಗ ಪೋನು ಅಂತ ಗೊತ್ತಾಯ್ತು, ಬಂದಿದ್ದೀಯ. ಗೊತ್ತಾಗ್ದಿದ್ರೆ?”

ಬೆಳ್ಳಮ್ಮ ಆವತ್ತು ಕೂತ್ಕೊ ಅನ್ನಲಿಲ್ಲ. ಮೊದಲಿನಂತೆ ಸಾರು ಆಚೆ ಈಚೆ ಹೋಗಲು ಮುಂದಿನ ಮಳೆಗಾಲವೇ ಬರಬೇಕಾಯಿತು. ಈಗಲೂ ಜಗಳ ಬಂದರೆ ಬೆಳ್ಳಮ್ಮ ಅದನ್ನೇ ಎತ್ತಿ ಆಡುತ್ತಾಳೆ.

ಜುಲೈಯಲ್ಲಿ ಪರೀಕ್ಷೆ ನಡೆದೇ ನಡೆಯಿತು. ಗಂಡ ಹೆಂಡತಿ ಇಬ್ಬರೂ ಮಗಳನ್ನು ಮಳವಳ್ಳಿಗೆ ಕರೆದುಕೊಂಡು ಹೋದರು. ಗೇಟಿನಲ್ಲಿ ಹಣೆಗೆ ಯಂತ್ರ ಹಿಡಿದು ಒಳಗೆ ಬಿಡುತ್ತಿದ್ದರು. ಅಲ್ಲಿ ನಿಂತಿದ್ದ ಹುಡುಗನೊಬ್ಬ ನಾಗಶ್ರೀಯನ್ನು ಕಂಡು ಕೈಯೆತ್ತಿ, ಹಿಂದೆ ಅವಳ ಅಮ್ಮನನ್ನು ಕಂಡವನೇ ಕೈ ಇಳಿಸಿದ. ಅವನೇ ಸಂತೋಷ್ ಇರಬೇಕು ಅಂತ ದೇವಿರಮ್ಮನಿಗೆ ಅನ್ನಿಸಿತು. ಕೇಳಲಿಲ್ಲ. ಆದರೆ ಅವನು ಒಳಗೆ ಹೋಗುವವರೆಗೂ ಕಣ್ಣು ತೆಗೆಯಲೂ ಇಲ್ಲ.

ನಾಗಶ್ರೀ ಪಾಸಾದಳು. ಈಗ ಭಾರತೀನಗರದಲ್ಲಿ ಡಿಗ್ರಿಯ ಕೊನೆಯ ವರ್ಷ. ಫ್ಯಾಕ್ಟರಿ ಮತ್ತೆ ತೆರೆದು ದೇವಿರಮ್ಮ ಅದೇ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಿದ್ದಾಳೆ. ಅಂಬರೀಶ ಮಾರನೆಯ ವರ್ಷ ಬೇರೆ ಕಡೆ ಮದುವೆಯಾದ. ಲಗ್ನಪತ್ರಿಕೆಯನ್ನು ಜಗಲಿಯ ಮೇಲಿಟ್ಟು ನಿಂತ ಕಾಲಲ್ಲೇ ಹೋದ. ಅಕ್ಕ ಬಾವ ಹೋಗಿ ಅಕ್ಷತೆ ಹಾಕಿ ಬಂದರು, ನಾಗಶ್ರೀ ಹೋಗಲಿಲ್ಲ. ತಿಂಗಳೊಳಗೆ ಕಣ್ಣು ಮುಚ್ಚುತ್ತೇನೆ ಅಂದಿದ್ದ ತಾಯಿ ಮುದ್ದಮ್ಮ ಇನ್ನೂ ಎಲೆ ಅಡಿಕೆ ಕುಟ್ಟಿಕೊಂಡು ಗಟ್ಟಿಯಾಗಿದ್ದಾಳೆ. ಆಗ ಅಷ್ಟು ಸೀರಿಯಸ್ಸಾಗಿದ್ದದ್ದು ನಿಜವೋ ಅಲ್ಲವೋ ಅನ್ನುವುದು ದೇವಿರಮ್ಮನಿಗೆ ಈಗ ಅನುಮಾನ.

ಹೋದ ಯುಗಾದಿಗೆ ಅಂಬರೀಶ ಹೆಂಡತಿ ಮಗುವಿನ ಜೊತೆ, ಮುದ್ದಮ್ಮನನ್ನೂ ಕರೆದುಕೊಂಡು ಬಂದ. ಅಷ್ಟು ವರ್ಷಗಳ ಮೇಲೆ ಆ ಮನೆಯಲ್ಲಿ ಅವನು ಎಲೆ ಮುಂದೆ ಕೂತದ್ದು ಅದೇ ಮೊದಲು. ಯಾರೂ ಹಳೆಯದನ್ನು ಎತ್ತಲಿಲ್ಲ. ಒಬ್ಬಟ್ಟು ಬಡಿಸುತ್ತಿದ್ದ ನಾಗಶ್ರೀ ಅವನ ಎಲೆಗೆ ಹಾಕುವಾಗ ಮಾತ್ರ ದೂರದಿಂದಲೇ ಹಾಕಿದಳು.

ಮುದ್ದಮ್ಮ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿ, “ದೇವಿ, ಚನ್ನಪಟ್ಟಣದ್ ಕಡೆ ಒಂದ್ ಗಂಡದೆ ಕಣಮ್ಮ,” ಅಂದಳು.

ನಾಗಶ್ರೀ ಅಜ್ಜಿಯ ಕಡೆ ನೋಡಲಿಲ್ಲ. ತಟ್ಟನೆ ಅವ್ವನ ಮುಖ ನೋಡಿದಳು, ಈಗ ಇವಳ ಬಾಯಿಂದ ಏನು ಬರುತ್ತದೆ ಅಂತ. ಆ ನೋಟವನ್ನು ದೇವಿರಮ್ಮ ಕಂಡಳು.

“ನನ್ನ್ಯಾಕ್ ಕೇಳ್ತೀಯವ್ವ? ಅವ್ಳಿಲ್ಲೇ ನಿಂತವ್ಳಲ್ಲ, ಅವ್ಳ ಕೇಳು.”

ಮುದ್ದಮ್ಮ ಕೇಳಲಿಲ್ಲ. ತುಪ್ಪ ಬಿಡು ಅಂತ ಎಲೆ ಮುಂದಕ್ಕೆ ತಳ್ಳಿದಳು. ನಾಗಶ್ರೀ ತುಪ್ಪದ ಬಟ್ಟಲು ತರಲು ಒಳಗೆ ಹೋದಳು.